ರೋಲರ್ ಬೇರಿಂಗ್‌ಗಳು: ಬಗೆಗಳು, ಆಯ್ಕೆ ಮತ್ತು ಜೋಡಣೆಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಟ್ಟುಹೋದ ಬೇರಿಂಗನ್ನು ಬಿಚ್ಚಿ, ಅದರ ಮೇಲಿನ ಸಂಖ್ಯೆಯನ್ನು ಬರೆದುಕೊಂಡು, ಅದೇ ಸಂಖ್ಯೆಯ ಹೊಸದನ್ನು ತಂದು ಕೂರಿಸುವುದು ದುರಸ್ತಿಯ ರೂಢಿ. ಯಂತ್ರವನ್ನು ವಿನ್ಯಾಸ ಮಾಡಿದವರು ಸರಿಯಾಗಿ ಆರಿಸಿದ್ದರೆ ಮತ್ತು ಯಂತ್ರದ ಕೆಲಸ ಬದಲಾಗದಿದ್ದರೆ ಇದರಲ್ಲಿ ತಪ್ಪೇನಿಲ್ಲ. ಆದರೆ ಹೊಸದೂ ಕೆಲವೇ ತಿಂಗಳಲ್ಲಿ ಸದ್ದು ಮಾಡತೊಡಗಿದಾಗ ಅಥವಾ ಹೊಸ ಯಂತ್ರವೊಂದಕ್ಕೆ ಬೇರಿಂಗ್ ಆರಿಸಬೇಕಾಗಿ ಬಂದಾಗ ಆ ಸಂಖ್ಯೆಯ ಹಿಂದಿರುವ ತರ್ಕ ತಿಳಿದಿರಬೇಕಾಗುತ್ತದೆ. ಭಾರ ಯಾವ ದಿಕ್ಕಿನಿಂದ ಬರುತ್ತದೆ, ಶಾಫ್ಟ್ ಎಷ್ಟು ಬಾಗುತ್ತದೆ, ಬಿಸಿಯಾಗಿ ಉದ್ದವಾದಾಗ ಅದು ಎತ್ತ ಸರಿಯಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಂತೆಲ್ಲ ರೋಲರ್ ಬೇರಿಂಗ್‌ನ ಒಂದೊಂದು ಬಗೆಯೂ ಹುಟ್ಟಿಕೊಂಡಿದೆ. ಶಾಫ್ಟಿನ ವ್ಯಾಸಕ್ಕೆ ಹೊಂದುವ ಬೇರಿಂಗ್ ಯಾವುದು ಎಂಬುದು ಈ ಮೂರರ ನಂತರ ಕೇಳಬೇಕಾದ ಪ್ರಶ್ನೆ.

ಗುಂಡಿನ ಬದಲು ರೋಲರ್ ಏಕೆ

ಬಾಲ್ ಬೇರಿಂಗ್‌ನಲ್ಲಿ ಉಕ್ಕಿನ ಗುಂಡು ಮತ್ತು ರಿಂಗ್ ಒಂದನ್ನೊಂದು ಮುಟ್ಟುವುದು ಒಂದು ಚುಕ್ಕಿಯಷ್ಟು ಜಾಗದಲ್ಲಿ (ಒಳ ರಿಂಗ್ ಶಾಫ್ಟಿನ ಮೇಲೂ ಹೊರ ರಿಂಗ್ ಹೌಸಿಂಗ್ ಎಂಬ ಹೊರಕವಚದೊಳಗೂ ಕೂರುತ್ತದೆ). ರೋಲರ್ ಬೇರಿಂಗ್‌ನಲ್ಲಿ ಉರುಳೆಯು ತನ್ನ ಉದ್ದಕ್ಕೂ ಒಂದು ಗೆರೆಯಾಗಿ ರಿಂಗನ್ನು ಮುಟ್ಟುತ್ತದೆ. ಭಾರ ಹೆಚ್ಚು ಜಾಗದ ಮೇಲೆ ಹರಡುವುದರಿಂದ ಅದೇ ಗಾತ್ರದ ಬಾಲ್ ಬೇರಿಂಗ್‌ಗಿಂತ ರೋಲರ್ ಬೇರಿಂಗ್ ಹೆಚ್ಚು ಭಾರ ಹೊರುತ್ತದೆ, ಭಾರ ಬಿದ್ದಾಗ ಕಡಿಮೆ ಕುಗ್ಗುತ್ತದೆ, ಹೊಡೆತಗಳನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಲೇತ್ ಸ್ಪಿಂಡಲ್‌ಗೆ ರೋಲರ್ ಬೇರಿಂಗ್ ಹಾಕುವುದು ಬಿಗುವಿಗಾಗಿ, ಕಲ್ಲು ಪುಡಿಮಾಡುವ ಯಂತ್ರಕ್ಕೆ ಹಾಕುವುದು ಹೊಡೆತ ತಾಳುವುದಕ್ಕಾಗಿ.

ಈ ಗೆರೆಯೇ ರೋಲರ್‌ನ ದೌರ್ಬಲ್ಯವೂ ಹೌದು. ಶಾಫ್ಟ್ ಸ್ವಲ್ಪ ವಾಲಿದರೂ ಭಾರವೆಲ್ಲ ರೋಲರ್‌ನ ಒಂದು ಅಂಚಿನ ಮೇಲೆ ಬೀಳುತ್ತದೆ ಮತ್ತು ಅಲ್ಲಿಂದಲೇ ಲೋಹ ಚಕ್ಕೆಯೇಳಲು ಶುರುವಾಗುತ್ತದೆ. ಇದನ್ನು ತಡೆಯಲು ತಯಾರಕರು ರೋಲರ್‌ನ ಎರಡೂ ತುದಿಗಳನ್ನು ಕೆಲವೇ ಮೈಕ್ರಾನ್‌ಗಳಷ್ಟು ಸವೆಸಿ, ನಡುವೆ ಕಾಣದಷ್ಟು ಉಬ್ಬು ಉಳಿಸಿರುತ್ತಾರೆ. ಅದು ಸಣ್ಣಪುಟ್ಟ ವಾಲುವಿಕೆಯನ್ನು ಕ್ಷಮಿಸುತ್ತದೆಯೇ ಹೊರತು ದೊಡ್ಡದನ್ನಲ್ಲ. ಜೊತೆಗೆ, ರೋಲರ್‌ಗೆ ತೀರಾ ಕಡಿಮೆ ಭಾರವೂ ಆಗದು. ಹಗುರವಾದ ಭಾರದಲ್ಲಿ ರೋಲರ್ ಉರುಳುವ ಬದಲು ಜಾರುತ್ತದೆ, ಜಾರಿದಲ್ಲಿ ಲೋಹ ಉಜ್ಜಿ ಬಳಿದಂತಾಗುತ್ತದೆ. ಆದ್ದರಿಂದ ಬೇರಿಂಗ್‌ನ ಕ್ರಿಯಾತ್ಮಕ ಸಾಮರ್ಥ್ಯದ (ತಿರುಗುವಾಗ ಹೊರುವ ಭಾರಕ್ಕೆ ಕ್ಯಾಟಲಾಗ್ ಕೊಡುವ ಅಂಕಿ) ಸುಮಾರು ಶೇ. 2ರಷ್ಟಾದರೂ ಭಾರ ಅದರ ಮೇಲಿರಬೇಕು ಎಂಬ ಸ್ಥೂಲ ನಿಯಮವನ್ನು ಪಾಲಿಸಲಾಗುತ್ತದೆ. ಬೇರಿಂಗ್ ಬೇಗ ಕೆಡುತ್ತಿದೆ ಎಂದು ಮತ್ತೂ ದೊಡ್ಡದನ್ನು ಹಾಕುವವರು ಈ ನಿಯಮವನ್ನು ಸಾಮಾನ್ಯವಾಗಿ ಮರೆಯುತ್ತಾರೆ. ದೊಡ್ಡದು ಯಾವಾಗಲೂ ಒಳ್ಳೆಯದಲ್ಲ.

ಮೊದಲ ಹೆಜ್ಜೆ: ಶಾಫ್ಟ್ ಏನು ಮಾಡುತ್ತದೆ ಎಂಬುದನ್ನು ಬರೆದುಕೊಳ್ಳಿ

ಕ್ಯಾಟಲಾಗ್ ತೆರೆಯುವ ಮುನ್ನ ಒಂದು ಹಾಳೆಯ ಮೇಲೆ ಶಾಫ್ಟಿನ ಚಿತ್ರ ಬರೆದು ಅದರ ಮೇಲೆ ಬೀಳುವ ಬಲಗಳನ್ನು ಬಾಣಗಳಿಂದ ಗುರುತಿಸಿ. ಶಾಫ್ಟಿಗೆ ಅಡ್ಡಲಾಗಿ ಬೀಳುವುದು ರೇಡಿಯಲ್ ಭಾರ. ಬೆಲ್ಟಿನ ಎಳೆತ, ರೋಟರಿನ ತೂಕ, ನೇರ ಹಲ್ಲಿನ ಗೇರು ತಳ್ಳುವ ಬಲ ಇವೆಲ್ಲ ಈ ಬಗೆಯವು. ಶಾಫ್ಟಿನ ಉದ್ದಕ್ಕೆ ಬರುವುದು ಥ್ರಸ್ಟ್ ಭಾರ. ಓರೆ ಹಲ್ಲಿನ ಗೇರು, ಬೆವೆಲ್ ಗೇರು, ವರ್ಮ್, ಪಂಪಿನ ಇಂಪೆಲ್ಲರ್, ನಿಲುವು ಶಾಫ್ಟಿನ ಸ್ವಂತ ತೂಕ ಇದನ್ನು ತರುತ್ತವೆ. ಎರಡೂ ಒಟ್ಟಿಗೆ ಬರುವ ಕಡೆ ಯಾವುದು ಎಷ್ಟು ಎಂಬ ಅನುಪಾತವನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಆಯ್ಕೆಯನ್ನು ತೀರ್ಮಾನಿಸುವುದು ಆ ಅನುಪಾತವೇ. ಇದರ ಜೊತೆಗೆ ನಿಮಿಷಕ್ಕೆ ಎಷ್ಟು ಸುತ್ತು, ತಾಪಮಾನ ಎಷ್ಟು, ದೂಳು ನೀರು ಬೀಳುತ್ತದೆಯೇ, ತಿರುಗುವುದು ಒಳ ರಿಂಗೋ ಹೊರ ರಿಂಗೋ ಎಂಬುದನ್ನೂ ಬರೆಯಿರಿ.

ಆಮೇಲೆ ಉದ್ದದ ಲೆಕ್ಕ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಎರಡು ಬೇರಿಂಗ್‌ಗಳ ನಡುವೆ ಒಂದು ಮೀಟರ್ ಅಂತರವಿದ್ದು, ಶಾಫ್ಟ್ ಹೌಸಿಂಗಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೆ ಅದು ಸರಿಸುಮಾರು ಅರ್ಧ ಮಿಲಿಮೀಟರ್ ಉದ್ದವಾಗುತ್ತದೆ. ಎರಡೂ ತುದಿಗಳನ್ನು ಭದ್ರವಾಗಿ ಹಿಡಿದಿಟ್ಟಿದ್ದರೆ ಈ ಅರ್ಧ ಮಿಲಿಮೀಟರ್‌ಗೆ ಹೋಗಲು ಜಾಗವಿಲ್ಲದೆ ಬೇರಿಂಗ್‌ಗಳು ಒಂದನ್ನೊಂದು ತಳ್ಳುತ್ತವೆ. ಲೆಕ್ಕದಲ್ಲಿ ಎಲ್ಲೂ ಇಲ್ಲದ ಭಾರೀ ಥ್ರಸ್ಟ್ ಅಲ್ಲಿ ಹುಟ್ಟುತ್ತದೆ. ಅದಕ್ಕಾಗಿ ಒಂದು ತುದಿಯ ಬೇರಿಂಗ್ ಶಾಫ್ಟನ್ನು ಹಿಡಿದಿಡುವ ಸ್ಥಿರ ಬೇರಿಂಗ್ ಆಗಿರಬೇಕು, ಇನ್ನೊಂದು ತುದಿಯದು ಸರಿಯಲು ಬಿಡುವ ತೇಲು ಬೇರಿಂಗ್ ಆಗಿರಬೇಕು. ಅನೇಕ ದೊಡ್ಡ ವಿದ್ಯುತ್ ಮೋಟಾರುಗಳಲ್ಲಿ ಬೆಲ್ಟು ಎಳೆಯುವ ಬದಿಗೆ ಸಿಲಿಂಡ್ರಿಕಲ್ ರೋಲರ್ ಬೇರಿಂಗ್, ಹಿಂಬದಿಗೆ ಬಾಲ್ ಬೇರಿಂಗ್ ಇರುವುದು ಈ ಕಾರಣಕ್ಕೇ. ಮುಂದಿನದು ಭಾರ ಹೊತ್ತು ಉದ್ದಕ್ಕೆ ಸರಿಯಲು ಬಿಡುತ್ತದೆ, ಹಿಂದಿನದು ಶಾಫ್ಟನ್ನು ಅದರ ಸ್ಥಾನದಲ್ಲಿ ನಿಲ್ಲಿಸುತ್ತದೆ.

ಎರಡನೆಯ ಹೆಜ್ಜೆ: ಬಗೆಯ ಆಯ್ಕೆ

ಸಿಲಿಂಡ್ರಿಕಲ್ ರೋಲರ್ ಬೇರಿಂಗ್. ಭಾರ ಬಹುಪಾಲು ರೇಡಿಯಲ್ ಆಗಿದ್ದು, ವೇಗವೂ ಹೆಚ್ಚಿದ್ದರೆ ಮೊದಲು ಯೋಚಿಸಬೇಕಾದುದು ಇದನ್ನು. ಇದರ ಅಕ್ಷರಗಳನ್ನು ಅರ್ಥಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಎನ್‌ಯು ಬಗೆಯಲ್ಲಿ ಹೊರ ರಿಂಗಿಗೆ ಎರಡೂ ಬದಿ ಅಂಚುಗಟ್ಟೆಯಿದ್ದು, ಒಳ ರಿಂಗ್ ಸಪಾಟಾಗಿರುತ್ತದೆ. ಹೀಗಾಗಿ ಶಾಫ್ಟ್ ಎರಡೂ ಕಡೆಗೆ ಸರಿಯಬಲ್ಲದು, ಥ್ರಸ್ಟ್ ಹೊರುವ ಶಕ್ತಿ ಮಾತ್ರ ಇಲ್ಲ. ಎನ್ ಬಗೆಯಲ್ಲಿ ಇದು ತಿರುಗುಮುರುಗು, ಅಂದರೆ ಹೊರ ರಿಂಗ್ ಸಪಾಟು. ಎನ್‌ಜೆ ಬಗೆಯ ಒಳ ರಿಂಗಿಗೆ ಒಂದು ಬದಿಯಲ್ಲಿ ಗಟ್ಟೆಯಿರುವುದರಿಂದ ಒಂದು ದಿಕ್ಕಿನ ಅಲ್ಪ ಥ್ರಸ್ಟನ್ನು ತಡೆಯುತ್ತದೆ. ಎನ್‌ಯುಪಿ ಬಗೆಯಲ್ಲಿ ಮತ್ತೊಂದು ಬದಿಗೆ ಬಿಡಿ ಗಟ್ಟೆಯನ್ನು ಸೇರಿಸಿ ಎರಡೂ ದಿಕ್ಕಿಗೆ ತಡೆ ಒದಗಿಸಿರುತ್ತಾರೆ. ಎನ್‌ಯು ಇದ್ದ ಕಡೆ ಅಳತೆ ಒಂದೇ ಎಂದು ಎನ್‌ಯುಪಿ ಹಾಕಿದರೆ ತೇಲಬೇಕಾದ ತುದಿ ಬಿಗಿದುಕೊಳ್ಳುತ್ತದೆ. ಮೇಲ್ನೋಟಕ್ಕೆ ಎರಡೂ ಬಹುತೇಕ ಒಂದೇ ರೀತಿ ಕಾಣುವುದರಿಂದ ಈ ಎಡವಟ್ಟು ಸುಲಭವಾಗಿ ಆಗಿಬಿಡುತ್ತದೆ. ವಿದ್ಯುತ್ ಮೋಟಾರು, ಗೇರ್‌ಬಾಕ್ಸ್, ರೈಲಿನ ಟ್ರ್ಯಾಕ್ಷನ್ ಮೋಟಾರು ಇವುಗಳಲ್ಲಿ ಈ ಬಗೆ ಸಾಮಾನ್ಯ. ಟೇಪರ್ (ಒಂದು ಕಡೆಗೆ ಕಿರಿದಾಗುತ್ತ ಹೋಗುವ) ರಂಧ್ರವಿರುವ ಎರಡು ಸಾಲಿನ ಎನ್‌ಎನ್ ಬಗೆ ಯಂತ್ರೋಪಕರಣಗಳ ಸ್ಪಿಂಡಲ್‌ಗಳಿಗೆ, ನಾಲ್ಕು ಸಾಲಿನವು ರೋಲಿಂಗ್ ಮಿಲ್‌ಗಳ ರೋಲುಗಳಿಗೆ ಮೀಸಲು. ಕೇಜ್ (ರೋಲರ್‌ಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಚೌಕಟ್ಟು) ಇಲ್ಲದೆ ರೋಲರ್‌ಗಳನ್ನೇ ಒತ್ತೊತ್ತಾಗಿ ತುಂಬಿದ ಬಗೆಯೂ ಇದೆ. ಅದು ಭಾರವನ್ನು ಇನ್ನಷ್ಟು ಹೊರುತ್ತದೆ. ಆದರೆ ರೋಲರ್‌ಗಳು ಒಂದಕ್ಕೊಂದು ಉಜ್ಜುವುದರಿಂದ ಅದನ್ನು ನಿಧಾನವಾಗಿ ತಿರುಗುವ ಕಡೆಗಷ್ಟೇ ಬಳಸಬೇಕು.

ಸಿಲಿಂಡ್ರಿಕಲ್ ಬೇರಿಂಗ್ ಸಹಿಸುವ ವಾಲುವಿಕೆ ಸಾಮಾನ್ಯವಾಗಿ ಮೂರು ನಾಲ್ಕು ಕೋನ ನಿಮಿಷಗಳಷ್ಟು (ಒಂದು ನಿಮಿಷವೆಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಮಾತ್ರ. ಮೂರು ನಿಮಿಷವೆಂದರೆ 100 ಮಿ.ಮೀ. ಉದ್ದಕ್ಕೆ 0.09 ಮಿ.ಮೀ.ಗೂ ಕಡಿಮೆ. ಬೆಸುಗೆ ಹಾಕಿ ಕಟ್ಟಿದ ಚೌಕಟ್ಟಿನ ಮೇಲೆ ಎರಡು ಬಿಡಿ ಹೌಸಿಂಗ್‌ಗಳನ್ನಿಟ್ಟು ಇಷ್ಟು ನಿಖರತೆ ಸಾಧಿಸುವುದು ಬಲು ಕಷ್ಟ. ಆದ್ದರಿಂದ ಎರಡೂ ಬೇರಿಂಗ್‌ಗಳ ಕೂರುಜಾಗವನ್ನು ಒಂದೇ ಹೌಸಿಂಗ್‌ನಲ್ಲಿ ಕೊರೆದಿರುವ ಕಡೆಗಷ್ಟೇ ಇದು ಯೋಗ್ಯ.

ಟೇಪರ್ ರೋಲರ್ ಬೇರಿಂಗ್. ರೇಡಿಯಲ್ ಮತ್ತು ಥ್ರಸ್ಟ್ ಎರಡೂ ಒಟ್ಟಿಗೆ, ಗಣನೀಯ ಪ್ರಮಾಣದಲ್ಲಿ ಬರುವ ಕಡೆ ಇದಕ್ಕೆ ಸಾಟಿಯಿಲ್ಲ. ಹೆನ್ರಿ ಟಿಮ್‌ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಗಾಡಿಗಳ ಅಚ್ಚಿಗೆ ಹಾಕುವ ಉದ್ದೇಶದಿಂದಲೇ. ಗಾಡಿ ತಿರುವಿನಲ್ಲಿ ಹೋಗುವಾಗ ಚಕ್ರದ ಮೇಲೆ ಪಕ್ಕದ ಬಲ ಬೀಳುತ್ತದೆ. ರೋಲರ್‌ಗಳು ಶಂಕುವಿನಾಕಾರದವು, ಅವುಗಳ ಮತ್ತು ರಿಂಗುಗಳ ಮೇಲ್ಮೈಯನ್ನು ಮುಂದಕ್ಕೆ ಎಳೆದರೆ ಎಲ್ಲವೂ ಶಾಫ್ಟಿನ ಅಕ್ಷದ ಮೇಲೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ, ಹಾಗಾಗಿ ರೋಲರ್ ಜಾರದೆ ಉರುಳುತ್ತದೆ. ಒಳಗಿನ ಭಾಗಕ್ಕೆ ಕೋನ್, ಹೊರ ರಿಂಗಿಗೆ ಕಪ್ ಎನ್ನುವುದು ರೂಢಿ. ಎರಡೂ ಬೇರ್ಪಡುವುದರಿಂದ ಜೋಡಣೆ ಸುಲಭ, ಆದರೆ ಹಳೆಯ ಕಪ್ ಬಿಟ್ಟು ಹೊಸ ಕೋನನ್ನು ಮಾತ್ರ ಹಾಕುವ ಉಳಿತಾಯದ ಬುದ್ಧಿ ಇಲ್ಲಿ ಸಲ್ಲದು.

ಇಲ್ಲೊಂದು ಸೂಕ್ಷ್ಮವಿದೆ. ಓರೆಯಾದ ರೋಲರ್ ಮೇಲೆ ಬರೀ ರೇಡಿಯಲ್ ಭಾರ ಬಿದ್ದರೂ ಅದರ ಒಂದು ಪಾಲು ಥ್ರಸ್ಟ್ ಆಗಿ ತಿರುಗಿ ಕೋನನ್ನು ಕಪ್ಪಿನಿಂದ ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಒಂದು ಸಾಲಿನ ಟೇಪರ್ ಬೇರಿಂಗನ್ನು ಒಂಟಿಯಾಗಿ ಬಳಸುವಂತಿಲ್ಲ. ಎದುರು ಬದಿಯಿಂದ ತಡೆಯಲು ಇನ್ನೊಂದು ಬೇಕೇ ಬೇಕು. ಈ ಜೋಡಿಯನ್ನು ಬೆನ್ನಿಗೆ ಬೆನ್ನು ಇಟ್ಟರೆ ಬಲರೇಖೆಗಳು ಶಾಫ್ಟಿನ ಮೇಲೆ ದೂರ ದೂರ ಬಿದ್ದು, ಓಲಾಟಕ್ಕೆ ಹೆಚ್ಚಿನ ಬಿಗುವು ಸಿಗುತ್ತದೆ. ಚಕ್ರದ ಹಬ್ ಇದಕ್ಕೆ ಉದಾಹರಣೆ. ಮುಖಕ್ಕೆ ಮುಖ ಇಟ್ಟರೆ ಸ್ವಲ್ಪ ವಾಲುವಿಕೆಯನ್ನು ಸಹಿಸಿಕೊಳ್ಳುತ್ತದೆ, ಆದರೆ ಶಾಫ್ಟ್ ಬಿಸಿಯಾದಂತೆ ಜೋಡಿ ಬಿಗಿಯಾಗುತ್ತ ಹೋಗುತ್ತದೆ. ಸಾಮಾನ್ಯ ಸರಣಿಗಳಲ್ಲಿ ಸಂಪರ್ಕ ಕೋನ (ರೋಲರ್ ಭಾರವನ್ನು ದಾಟಿಸುವ ಓರೆ) 10ರಿಂದ 18 ಡಿಗ್ರಿಯವರೆಗೆ ಇರುತ್ತದೆ. ಥ್ರಸ್ಟ್ ಹೆಚ್ಚಿರುವ ಬೆವೆಲ್ ಗೇರಿನಂಥ ಕಡೆಗೆ 313 ಸರಣಿಯಲ್ಲಿ ಅದು 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ರೋಲರ್‌ನ ದಪ್ಪ ತುದಿ ಕೋನಿನ ಗಟ್ಟೆಗೆ ಸದಾ ಉಜ್ಜುತ್ತಿರುವುದರಿಂದ ಎಣ್ಣೆ ಕಡಿಮೆಯಾದಾಗ ಮೊದಲು ಸುಡುವುದು ಆ ಜಾಗವೇ.

ಸ್ಫೆರಿಕಲ್ ರೋಲರ್ ಬೇರಿಂಗ್. ಇದನ್ನು 1919ರಲ್ಲಿ ಎಸ್‌ಕೆಎಫ್ ಕಂಪನಿಯ ಆರ್ವಿಡ್ ಪಾಲ್ಮ್‌ಗ್ರೆನ್ ರೂಪಿಸಿದರು. ಪೀಪಾಯಿಯಂತೆ ನಡು ಉಬ್ಬಿದ ರೋಲರ್‌ಗಳು ಎರಡು ಸಾಲಾಗಿದ್ದು, ಹೊರ ರಿಂಗಿನ ಒಳಮೈ ಗೋಳದ ಒಂದು ಭಾಗವಾಗಿರುತ್ತದೆ. ಆದ್ದರಿಂದ ಒಳ ರಿಂಗ್ ರೋಲರ್‌ಗಳ ಸಮೇತ ವಾಲಿದರೂ ಸಂಪರ್ಕ ಕೆಡುವುದಿಲ್ಲ. ಸರಣಿಗೆ ತಕ್ಕಂತೆ ಒಂದೂವರೆಯಿಂದ ಎರಡು ಡಿಗ್ರಿ, ಕೆಲವಲ್ಲಿ ಅದಕ್ಕಿಂತ ಹೆಚ್ಚು ವಾಲುವಿಕೆಯನ್ನು ಇದು ಸಹಿಸುತ್ತದೆ; ಸಿಲಿಂಡ್ರಿಕಲ್ ಬಗೆಯ ಮೂರು ನಾಲ್ಕು ನಿಮಿಷಗಳ ಪಕ್ಕದಲ್ಲಿ ಇದು ದೊಡ್ಡ ಸ್ವಾತಂತ್ರ್ಯ. ಭಾರೀ ರೇಡಿಯಲ್ ಭಾರದ ಜೊತೆಗೆ ಎರಡೂ ದಿಕ್ಕಿನ ಥ್ರಸ್ಟನ್ನೂ ಹೊರುತ್ತದೆ. ಕನ್ವೇಯರ್ ಡ್ರಮ್ಮು, ಕ್ರಷರ್, ದೊಡ್ಡ ಫ್ಯಾನು, ಕಾಗದದ ಯಂತ್ರ, ಗಾಳಿಯಂತ್ರದ ಮುಖ್ಯ ಶಾಫ್ಟ್, ಜರಡಿ ಯಂತ್ರ ಹೀಗೆ ಒರಟು ಕೆಲಸ ಎಲ್ಲಿದೆಯೋ ಅಲ್ಲಿ ಇದಿರುತ್ತದೆ. ಸಂಖ್ಯೆಯ ಕೊನೆಯಲ್ಲಿ ಕೆ ಎಂದಿದ್ದರೆ ರಂಧ್ರ 1:12ರ ಟೇಪರ್ ಉಳ್ಳದ್ದು, ಕೆ30 ಎಂದಿದ್ದರೆ 1:30ರದ್ದು. ಡಬ್ಲ್ಯು33 ಎಂದರೆ ಹೊರ ರಿಂಗಿನ ನಡುವೆ ಗ್ರೀಸ್ ಹರಿಯುವ ತೋಡೂ ಮೂರು ತೂತುಗಳೂ ಇವೆ ಎಂದರ್ಥ. ಇಷ್ಟೆಲ್ಲ ಗುಣಗಳಿದ್ದರೂ ಇದರ ಒಳಗಿನ ಘರ್ಷಣೆ ಸಿಲಿಂಡ್ರಿಕಲ್ ಬಗೆಗಿಂತ ಹೆಚ್ಚು, ವೇಗದ ಮಿತಿ ಕಡಿಮೆ. ಉದ್ದಕ್ಕೆ ಸರಿಯುವ ಗುಣವೂ ಇದಕ್ಕಿಲ್ಲ. ತೇಲು ತುದಿಯಲ್ಲಿ ಇಟ್ಟಾಗ ಹೊರ ರಿಂಗೇ ಹೌಸಿಂಗಿನೊಳಗೆ ಜಾರಬೇಕು. ಹೌಸಿಂಗ್ ತುಕ್ಕು ಹಿಡಿದರೆ ಆ ಜಾರುವಿಕೆ ನಿಂತುಹೋಗುತ್ತದೆ. ವಾಲುವುದು ಮತ್ತು ಸರಿಯುವುದು ಎರಡನ್ನೂ ಬೇರಿಂಗ್ ಒಳಗೇ ಸಾಧ್ಯವಾಗಿಸುವ ಟೊರಾಯ್ಡಲ್ ರೋಲರ್ ಬೇರಿಂಗ್ 1995ರಲ್ಲಿ ಬಳಕೆಗೆ ಬಂದದ್ದು ಈ ತೊಡಕಿಗೆ ಪರಿಹಾರವಾಗಿ. ಅದು ಥ್ರಸ್ಟ್ ಹೊರುವುದಿಲ್ಲ ಎಂಬುದನ್ನು ಮರೆಯಬಾರದು.

ನೀಡಲ್ ರೋಲರ್ ಬೇರಿಂಗ್. ವ್ಯಾಸಕ್ಕೆ ಹೋಲಿಸಿದರೆ ಮೂರರಿಂದ ಹತ್ತು ಪಟ್ಟು ಉದ್ದವಿರುವ ಸಪೂರ ರೋಲರ್‌ಗಳು. ಜಾಗ ಕಡಿಮೆ ಇರುವಲ್ಲಿ, ಅಂದರೆ ಗೇರ್‌ಬಾಕ್ಸಿನ ಐಡ್ಲರ್ ಗೇರು, ಯೂನಿವರ್ಸಲ್ ಜಾಯಿಂಟ್, ಟೂ ಸ್ಟ್ರೋಕ್ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಮುಂತಾದ ಕಡೆ ಇದು ಉಪಯುಕ್ತ. ಎಷ್ಟೋ ಸಲ ಒಳ ರಿಂಗೇ ಇರುವುದಿಲ್ಲ, ರೋಲರ್‌ಗಳು ನೇರವಾಗಿ ಶಾಫ್ಟಿನ ಮೇಲೆ ಉರುಳುತ್ತವೆ. ಹಾಗಿದ್ದಾಗ ಶಾಫ್ಟಿನ ಮೇಲ್ಮೈ ಬೇರಿಂಗ್ ಉಕ್ಕಿನಷ್ಟೇ ಗಟ್ಟಿ, ಅಂದರೆ 58ರಿಂದ 64 ಎಚ್‌ಆರ್‌ಸಿ (ಗಡಸುತನದ ರಾಕ್‌ವೆಲ್ ಸಿ ಅಳತೆ) ಇದ್ದು, ನುಣುಪಾಗಿ ಗ್ರೈಂಡ್ ಆಗಿರಬೇಕು. ಮೆದು ಶಾಫ್ಟಿನ ಮೇಲೆ ಹಾಕಿದರೆ ರೋಲರ್‌ಗಳ ಅಚ್ಚು ಅದರ ಮೇಲೆ ಮೂಡುತ್ತದೆ. ತೆಳು ತಗಡಿನ ಕವಚವಿರುವ ಎಚ್‌ಕೆ ಬಗೆಯನ್ನು ಒತ್ತುವಾಗ ಅಕ್ಷರ ಮುದ್ರೆಯಿರುವ ಮುಖದ ಮೇಲೆ ಮಾತ್ರ ಒತ್ತಬೇಕು. ಈ ಕವಚ ತಾನಾಗಿ ದುಂಡಗಿರುವುದಿಲ್ಲ, ಹೌಸಿಂಗಿನ ರಂಧ್ರ ಹೇಗಿದೆಯೋ ಹಾಗೆ ರೂಪ ತಳೆಯುತ್ತದೆ.

ಥ್ರಸ್ಟ್ ರೋಲರ್ ಬೇರಿಂಗ್. ಭಾರ ಬಹುಪಾಲು ಶಾಫ್ಟಿನ ಉದ್ದಕ್ಕೇ ಇದ್ದಾಗ 811, 812 ಸರಣಿಯ ಸಿಲಿಂಡ್ರಿಕಲ್ ಥ್ರಸ್ಟ್, ಜಾಗ ತೀರಾ ಕಡಿಮೆಯಿದ್ದರೆ ಎಎಕ್ಸ್‌ಕೆ ಬಗೆಯ ನೀಡಲ್ ಥ್ರಸ್ಟ್, ಭಾರವೂ ವಾಲುವಿಕೆಯೂ ಹೆಚ್ಚಿದ್ದರೆ 293, 294 ಸರಣಿಯ ಸ್ಫೆರಿಕಲ್ ಥ್ರಸ್ಟ್ ಹೊಂದುತ್ತದೆ. ಕೊನೆಯದು ಸ್ವಲ್ಪ ರೇಡಿಯಲ್ ಭಾರವನ್ನೂ ಹೊರಬಲ್ಲುದು. ನಿಲುವು ಜಲ ಟರ್ಬೈನ್, ಪ್ಲಾಸ್ಟಿಕ್ ಎಕ್ಸ್‌ಟ್ರೂಡರ್ ಮುಂತಾದವುಗಳಲ್ಲಿ ಕಾಣಸಿಗುತ್ತದೆ. ರೋಬೋಟ್ ಕೀಲುಗಳಿಗೆ ಮತ್ತು ತಿರುಗು ಮೇಜುಗಳಿಗೆ ಬಳಸುವ ಕ್ರಾಸ್ ರೋಲರ್ ಬೇರಿಂಗ್‌ನಲ್ಲಿ ಅಕ್ಕಪಕ್ಕದ ರೋಲರ್‌ಗಳು ಒಂದಕ್ಕೊಂದು 90 ಡಿಗ್ರಿ ಅಡ್ಡವಾಗಿ ಕೂತಿರುವುದರಿಂದ ಒಂದೇ ಬೇರಿಂಗ್ ಎಲ್ಲ ದಿಕ್ಕಿನ ಭಾರವನ್ನೂ ತಡೆಯುತ್ತದೆ.

ಮೂರನೆಯ ಹೆಜ್ಜೆ: ಗಾತ್ರ ಮತ್ತು ಆಯುಷ್ಯದ ಲೆಕ್ಕ

ಬಗೆ ತೀರ್ಮಾನವಾದ ಮೇಲೆ ಗಾತ್ರ. ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ರಂಧ್ರದ ವ್ಯಾಸ ಮಿಲಿಮೀಟರ್‌ಗಳಲ್ಲಿ ಸಿಗುತ್ತದೆ: 30205ಕ್ಕೆ 25, 22222ಕ್ಕೆ 110. ಈ ನಿಯಮ 04ರಿಂದ ಮೇಲಿನವಕ್ಕೆ ಅನ್ವಯಿಸುತ್ತದೆ. 00, 01, 02, 03 ಎಂದರೆ ಕ್ರಮವಾಗಿ 10, 12, 15, 17 ಮಿ.ಮೀ. ಇಂಚಿನ ಅಳತೆಯ ಟೇಪರ್ ಬೇರಿಂಗ್‌ಗಳಿಗೆ ಈ ಗಣಿತ ನಡೆಯುವುದಿಲ್ಲ, ಅವುಗಳ ಕೋನ್ ಮತ್ತು ಕಪ್ಪಿಗೆ ಬೇರೆ ಬೇರೆ ಸಂಖ್ಯೆಗಳಿರುತ್ತವೆ.

ಆಯುಷ್ಯದ ಸೂತ್ರ ಸರಳ. ಕ್ಯಾಟಲಾಗ್‌ನಲ್ಲಿರುವ ಕ್ರಿಯಾತ್ಮಕ ಸಾಮರ್ಥ್ಯವನ್ನು ಬೇರಿಂಗ್ ಮೇಲಿನ ಸಮಾನ ಭಾರದಿಂದ (ರೇಡಿಯಲ್ ಮತ್ತು ಥ್ರಸ್ಟ್ ಎರಡನ್ನೂ ಸೇರಿಸಿ ಒಂದೇ ಅಂಕಿಯಾಗಿ ಹೇಳಿದ ಭಾರ) ಭಾಗಿಸಿ, ಬಂದ ಸಂಖ್ಯೆಯನ್ನು 10/3ರ ಘಾತಕ್ಕೆ ಏರಿಸಿದರೆ, ಅದೇ ಬಗೆಯ ನೂರು ಬೇರಿಂಗ್‌ಗಳಲ್ಲಿ ತೊಂಬತ್ತು ಎಷ್ಟು ದಶಲಕ್ಷ ಸುತ್ತುಗಳನ್ನು ಪೂರೈಸುತ್ತವೆ ಎಂಬುದು ಸಿಗುತ್ತದೆ. ಬಾಲ್ ಬೇರಿಂಗ್‌ಗೆ ಈ ಘಾತ 3. ಸಾಮರ್ಥ್ಯ 90 ಕಿಲೋನ್ಯೂಟನ್, ಭಾರ 15 ಕಿಲೋನ್ಯೂಟನ್ ಎಂದಿಟ್ಟುಕೊಳ್ಳೋಣ. ಅನುಪಾತ 6, ಅದರ 10/3ರ ಘಾತ ಸುಮಾರು 392. ಅಂದರೆ 39.2 ಕೋಟಿ ಸುತ್ತು. ನಿಮಿಷಕ್ಕೆ 1000 ಸುತ್ತಿನಂತೆ ಗಂಟೆಗೆ 60,000 ಸುತ್ತಾಗುವುದರಿಂದ ಆಯುಷ್ಯ ಸುಮಾರು 6,500 ಗಂಟೆ. ದಿನಕ್ಕೆ ಎಂಟು ಗಂಟೆ ನಡೆಯುವ ಯಂತ್ರಗಳಿಗೆ ಸಾಮಾನ್ಯವಾಗಿ 10,000ದಿಂದ 25,000 ಗಂಟೆ, ಹಗಲೂ ರಾತ್ರಿ ನಡೆಯುವವುಗಳಿಗೆ 40,000ದಿಂದ 50,000 ಗಂಟೆ ಗುರಿಯಿಟ್ಟುಕೊಳ್ಳುತ್ತಾರಾದ್ದರಿಂದ ಈ ಬೇರಿಂಗ್ ಸಾಲದು. ಭಾರ ಎರಡು ಪಟ್ಟಾದರೆ ಆಯುಷ್ಯ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂಬುದೂ ಇದೇ ಸೂತ್ರದಿಂದ ಹೊಮ್ಮುತ್ತದೆ. ಬೆಲ್ಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆಯುವ ಮುನ್ನ ಇದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಟೇಪರ್ ಬೇರಿಂಗ್‌ಗೆ ಸಮಾನ ಭಾರವನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಥ್ರಸ್ಟ್ ಮತ್ತು ರೇಡಿಯಲ್ ಭಾರದ ಅನುಪಾತ ಕ್ಯಾಟಲಾಗ್ ಕೊಟ್ಟ ಇ ಎಂಬ ಮಿತಿಯೊಳಗಿದ್ದರೆ ರೇಡಿಯಲ್ ಭಾರವೇ ಸಮಾನ ಭಾರ. ಮಿತಿ ದಾಟಿದರೆ ರೇಡಿಯಲ್ ಭಾರದ 0.4 ಪಾಲಿಗೆ, ಥ್ರಸ್ಟನ್ನು ಕ್ಯಾಟಲಾಗ್‌ನ ವೈ ಗುಣಾಂಕದಿಂದ ಗುಣಿಸಿ ಬಂದದ್ದನ್ನು ಕೂಡಿಸಬೇಕು. ಎದುರು ಬೇರಿಂಗ್ ಹುಟ್ಟಿಸುವ ಥ್ರಸ್ಟನ್ನೂ ಇದರಲ್ಲಿ ಸೇರಿಸಲು ಮರೆಯಬಾರದು.

ನಾಲ್ಕನೆಯ ಹೆಜ್ಜೆ: ಫಿಟ್ (ರಿಂಗ್ ಕೂರುವ ಬಿಗಿ) ಮತ್ತು ಕ್ಲಿಯರೆನ್ಸ್ (ಒಳಗಿನ ಸಡಿಲ)

ಯಾವ ರಿಂಗಿನ ಮೇಲೆ ಭಾರದ ದಿಕ್ಕು ಸುತ್ತುತ್ತಿರುತ್ತದೆಯೋ ಆ ರಿಂಗ್ ಬಿಗಿಯಾಗಿ ಕೂರಬೇಕು ಎಂಬುದು ಮೂಲ ಸೂತ್ರ. ಮೋಟಾರಿನಲ್ಲಿ ಶಾಫ್ಟ್ ತಿರುಗುತ್ತದೆ, ಭಾರ ಒಂದೇ ದಿಕ್ಕಿಗಿರುತ್ತದೆ. ಆದ್ದರಿಂದ ಒಳ ರಿಂಗ್ ಬಿಗಿ, ಹೊರ ರಿಂಗ್ ಸಡಿಲ. ಅಚ್ಚು ನಿಂತು ಹಬ್ ತಿರುಗುವ ಚಕ್ರದಲ್ಲಿ ಇದು ಅದಲುಬದಲು. ಬಿಗಿಯಿರಬೇಕಾದ ರಿಂಗ್ ಸಡಿಲವಾಗಿದ್ದರೆ ಅದು ಕೂತ ಜಾಗದಲ್ಲೇ ನಿಧಾನವಾಗಿ ತೆವಳುತ್ತ ಶಾಫ್ಟನ್ನು ಸವೆಸುತ್ತದೆ. ಅಂಥ ಶಾಫ್ಟಿಗೆ ಪಂಚಿನಿಂದ ಚುಕ್ಕಿ ಹೊಡೆದು ಉಬ್ಬಿಸಿ ಬೇರಿಂಗ್ ಕೂರಿಸುವ ಪರಿಪಾಠ ಇನ್ನೂ ಇದೆ. ಆ ಚುಕ್ಕಿಗಳು ಬೇಗನೆ ಚಪ್ಪಟೆಯಾಗುವುದರಿಂದ ಅದು ದುರಸ್ತಿಯೆನಿಸದು. ಶಾಫ್ಟನ್ನು ಲೋಹ ತುಂಬಿ ಗ್ರೈಂಡ್ ಮಾಡಿಸುವುದೇ ಸರಿಯಾದ ದಾರಿ.

ಬಿಗಿಯಾಗಿ ಕೂತ ಒಳ ರಿಂಗ್ ಹಿಗ್ಗುತ್ತದೆ, ಓಡುವಾಗ ಅದು ಹೊರ ರಿಂಗಿಗಿಂತ ಹೆಚ್ಚು ಬಿಸಿಯಾಗಿ ಮತ್ತೂ ಹಿಗ್ಗುತ್ತದೆ. ಎರಡೂ ಸೇರಿ ಬೇರಿಂಗ್‌ನೊಳಗಿನ ಸಡಿಲವನ್ನು ತಿಂದುಹಾಕುತ್ತವೆ. ಇದನ್ನು ಸರಿದೂಗಿಸಲು ಸಿ2, ಸಾಮಾನ್ಯ, ಸಿ3, ಸಿ4, ಸಿ5 ಎಂದು ಸಡಿಲದ ದರ್ಜೆಗಳಿವೆ. ಸಾಮಾನ್ಯ ದರ್ಜೆಗೆ ಸಂಖ್ಯೆಯ ಜೊತೆ ಗುರುತೇನೂ ಇರುವುದಿಲ್ಲ. ಮೋಟಾರುಗಳಲ್ಲಿ ಸಿ3 ಹೆಚ್ಚು ಬಳಕೆಯಲ್ಲಿದೆ, ಜರಡಿ ಯಂತ್ರಗಳಿಗೆ ಸಿ4 ಬೇಕಾಗುತ್ತದೆ. ಹಳೆಯ ಬೇರಿಂಗ್ ಮೇಲೆ ಸಿ3 ಎಂದಿದ್ದರೆ ಅದಿಲ್ಲದ್ದನ್ನು ಹಾಕಬಾರದು.

ಐದನೆಯ ಹೆಜ್ಜೆ: ಕೂರಿಸುವುದು

ಹೊಸ ಬೇರಿಂಗ್‌ನ ಪೊಟ್ಟಣವನ್ನು ಶಾಫ್ಟ್ ಮತ್ತು ಹೌಸಿಂಗ್ ಶುಚಿಯಾಗಿ ಸಿದ್ಧವಾಗುವವರೆಗೆ ತೆರೆಯಬೇಡಿ. ಮೈಕ್ರೋಮೀಟರ್‌ನಿಂದ ಶಾಫ್ಟನ್ನು ಎರಡು ಮೂರು ಕಡೆ, ಪ್ರತಿ ಕಡೆಯಲ್ಲೂ ಬೇರೆ ಬೇರೆ ದಿಕ್ಕಿನಲ್ಲಿ ಅಳೆದು ದುಂಡಗಿದೆಯೇ, ಓರೆಯಾಗಿದೆಯೇ ಎಂದು ನೋಡಿ. ಒತ್ತುವ ಬಲ ಎಂದಿಗೂ ರೋಲರ್‌ಗಳ ಮೂಲಕ ಹಾದುಹೋಗಬಾರದು. ಬಿಗಿಯಾಗಿ ಕೂರುವ ರಿಂಗಿನ ಮೇಲೇ ಕೊಳವೆಯನ್ನಿಟ್ಟು ಒತ್ತಬೇಕು. ಮಧ್ಯಮ ಮತ್ತು ದೊಡ್ಡ ಬೇರಿಂಗ್‌ಗಳಿಗೆ ಬಿಸಿ ಮಾಡುವುದೇ ಉತ್ತಮ ವಿಧಾನ. ಇಂಡಕ್ಷನ್ ಹೀಟರ್‌ನಲ್ಲಿ ಶಾಫ್ಟಿಗಿಂತ 80ರಿಂದ 90 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ 100 ಮಿ.ಮೀ. ರಂಧ್ರ ಸುಮಾರು 0.1 ಮಿ.ಮೀ. ಹಿಗ್ಗಿ, ಬೇರಿಂಗ್ ಕೈಯಿಂದಲೇ ಜಾರಿ ಕೂರುತ್ತದೆ. 120 ಡಿಗ್ರಿ ದಾಟಿಸಬಾರದು. ಗ್ಯಾಸ್ ಟಾರ್ಚಿನ ಬೆಂಕಿಯನ್ನು ನೇರವಾಗಿ ಹಿಡಿದರೆ ಉಕ್ಕಿನ ಹದ ಕೆಡುತ್ತದೆ. ಕೂತ ಬಳಿಕ ತಣಿಯುವವರೆಗೆ ಶಾಫ್ಟಿನ ಭುಜಕ್ಕೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ತಣಿಯುವಾಗ ನಡುವೆ ಸಂದು ಉಳಿಯುತ್ತದೆ.

ಟೇಪರ್ ರಂಧ್ರದ ಸ್ಫೆರಿಕಲ್ ಬೇರಿಂಗ್‌ಗೆ ಕ್ರಮ ಬೇರೆ. ಇಲ್ಲಿ ಫಿಟ್ಟನ್ನು ನಿರ್ಧರಿಸುವುದು ಶಾಫ್ಟಿನ ಅಳತೆಯಲ್ಲ, ನಟ್ಟನ್ನು ಎಷ್ಟು ಬಿಗಿದಿರಿ ಎಂಬುದು. 110 ಮಿ.ಮೀ. ರಂಧ್ರದ 22222 ಕೆ ಬೇರಿಂಗನ್ನು ಅಡಾಪ್ಟರ್ ಸ್ಲೀವ್ (ಶಾಫ್ಟ್ ಮತ್ತು ಬೇರಿಂಗ್ ನಡುವೆ ಕೂರುವ ಟೇಪರ್ ಕೊಳವೆ) ಮೇಲೆ ಕೂರಿಸುವುದನ್ನು ನೋಡೋಣ. ಮೊದಲು ಬೇರಿಂಗನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಒಳ ರಿಂಗನ್ನು ಕೆಲವು ಸುತ್ತು ತಿರುಗಿಸಿ ರೋಲರ್‌ಗಳು ತಮ್ಮ ಜಾಗಕ್ಕೆ ಬರುವಂತೆ ಮಾಡಿ. ತುತ್ತತುದಿಯಲ್ಲಿರುವ ರೋಲರ್ ಮತ್ತು ಹೊರ ರಿಂಗಿನ ನಡುವೆ ಫೀಲರ್ ಗೇಜಿನ (ಸಂದು ಅಳೆಯುವ ಉಕ್ಕಿನ ಎಲೆಗಳ ಕಟ್ಟು) ತೆಳುವಾದ ಎಲೆಯಿಂದ ಶುರುಮಾಡಿ, ಕ್ರಮೇಣ ದಪ್ಪನೆಯದನ್ನು ತೂರಿಸುತ್ತ ಸಡಿಲ ಎಷ್ಟಿದೆ ಎಂದು ಅಳೆಯಿರಿ. ಎಲೆಯನ್ನು ರೋಲರ್ ಕೆಳಗೆ ಸಿಕ್ಕಿಸಿ ಉರುಳಿಸಬಾರದು, ಹಾಗೆ ಮಾಡಿದರೆ ಅಳತೆ ತಪ್ಪು ಬರುತ್ತದೆ. ಎರಡೂ ಸಾಲುಗಳನ್ನು ಅಳೆಯಬೇಕು. ಅಳತೆ 0.12 ಮಿ.ಮೀ. ಬಂತೆನ್ನಿ, ಸಾಮಾನ್ಯ ದರ್ಜೆಯಲ್ಲಿ ಈ ಗಾತ್ರಕ್ಕೆ 0.100ರಿಂದ 0.135ರೊಳಗೆ ಇರಬೇಕಾದುದರಿಂದ ಇದು ಸರಿಯಾಗಿದೆ.

ಬೇರಿಂಗ್‌ನ ರಂಧ್ರಕ್ಕೆ ಹಚ್ಚಿದ ತುಕ್ಕುನಿರೋಧಕವನ್ನು ಒರೆಸಿ, ಸ್ಲೀವ್‌ನ ಹೊರಮೈಗೆ ತೆಳುವಾಗಿ ಎಣ್ಣೆ ಸವರಿ, ಬೇರಿಂಗನ್ನು ಏರಿಸಿ. ಲಾಕ್ ವಾಷರ್ ಇಲ್ಲದೆ ನಟ್ಟನ್ನು ಹಾಕಿ, ಕೊಕ್ಕೆ ಸ್ಪ್ಯಾನರ್‌ನಿಂದ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ನಡುನಡುವೆ ಅಳೆಯಿರಿ. ಹೊರ ರಿಂಗ್ ಈಗ ರೋಲರ್‌ಗಳ ಮೇಲಿಂದ ನೇತಾಡುತ್ತಿರುವುದರಿಂದ ಸಡಿಲ ಮೇಲಲ್ಲ, ಕೆಳಗೆ ಸಿಗುತ್ತದೆ, ಅಳೆಯಬೇಕಾದುದು ಅಲ್ಲೇ. ಈ ಗಾತ್ರಕ್ಕೆ ಸಡಿಲ 0.050ರಿಂದ 0.070 ಮಿ.ಮೀ.ನಷ್ಟು ಕಡಿಮೆಯಾಗಬೇಕು, ಉಳಿಕೆ 0.050ಕ್ಕಿಂತ ಕೆಳಗಿಳಿಯಬಾರದು. 0.12ರಿಂದ 0.06ಕ್ಕೆ ಬಂದಾಗ ನಿಲ್ಲಿಸಿ. ಬಳಿಕ ನಟ್ಟನ್ನು ಬಿಚ್ಚಿ, ವಾಷರ್ ಹಾಕಿ, ಮತ್ತೆ ಅಷ್ಟೇ ಬಿಗಿದು, ವಾಷರ್‌ನ ಕಿವಿಯೊಂದನ್ನು ನಟ್ಟಿನ ತೋಡಿನೊಳಗೆ ಮಡಿಸಿ. ಕಿವಿ ಮತ್ತು ತೋಡು ನೇರಕ್ಕೆ ಬರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಯಬೇಕೇ ಹೊರತು ಸಡಿಲಿಸಬಾರದು. ಹೊರ ರಿಂಗ್ ಕೈಯಿಂದ ಸರಾಗವಾಗಿ ಓಲಾಡಬೇಕು. ಸುತ್ತಿಗೆಯ ಸದ್ದಿನಿಂದಲೇ ಬಿಗಿಯನ್ನು ಗುರುತಿಸುವ ಅನುಭವಿಗಳು ಇದ್ದಾರೆ. ಅವರ ಮೇಲೆ ಗೌರವವಿಟ್ಟುಕೊಂಡೇ ಫೀಲರ್ ಗೇಜನ್ನು ಬಳಸುವುದು ಕ್ಷೇಮ.

ಚಕ್ರದ ಹಬ್ಬಿನ ಟೇಪರ್ ಜೋಡಿಯನ್ನು ಹೊಂದಿಸುವಾಗ, ಹಬ್ಬನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದು ರೋಲರ್‌ಗಳನ್ನು ಗಟ್ಟೆಗೆ ಒರಗಿಸಿ, ಆಮೇಲೆ ನಟ್ಟನ್ನು ಹಿಂದಕ್ಕೆ ಸಡಿಲಿಸಿ. ಡಯಲ್ ಗೇಜನ್ನು ಶಾಫ್ಟಿನ ತುದಿಗೆ ತಾಗಿಸಿ ಹಬ್ಬನ್ನು ಎಳೆದು ತಳ್ಳಿದಾಗ ಭಾರೀ ವಾಹನಗಳಲ್ಲಿ ಸಾಮಾನ್ಯವಾಗಿ 0.025ರಿಂದ 0.125 ಮಿ.ಮೀ.ವರೆಗೆ ಆಟ ಸಿಗಬೇಕು. ಯಂತ್ರದ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ತಿರುಗಿಸದೆ ಬಿಗಿದರೆ ರೋಲರ್‌ಗಳು ಅರೆಬರೆ ಕೂತು, ಸ್ವಲ್ಪ ಓಡಿದ ಮೇಲೆ ಸಡಿಲ ಹೆಚ್ಚಾಗಿ ಕಾಣುತ್ತದೆ.

ಆರನೆಯ ಹೆಜ್ಜೆ: ಗ್ರೀಸ್

ಬೇರಿಂಗ್‌ನ ಸಂದುಗಳನ್ನು ಗ್ರೀಸಿನಿಂದ ತುಂಬಿ, ಹೌಸಿಂಗಿನ ಖಾಲಿ ಜಾಗದಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಮಾತ್ರ ತುಂಬಬೇಕು. ಹೆಚ್ಚಾದರೆ ರೋಲರ್‌ಗಳು ಗ್ರೀಸನ್ನು ಕಡೆಯುತ್ತ ಕೂರುತ್ತವೆ ಮತ್ತು ತಾಪಮಾನ ಏರುತ್ತದೆ. ಮರುಪೂರಣದ ಪ್ರಮಾಣಕ್ಕೆ ಒಂದು ಸುಲಭ ಲೆಕ್ಕವಿದೆ: ಹೊರ ವ್ಯಾಸ ಮತ್ತು ಅಗಲವನ್ನು ಮಿಲಿಮೀಟರ್‌ನಲ್ಲಿ ಗುಣಿಸಿ, 0.005ರಿಂದ ಗುಣಿಸಿದರೆ ಗ್ರಾಂಗಳಲ್ಲಿ ಉತ್ತರ. ಮೇಲಿನ 22222ಕ್ಕೆ ಹೊರ ವ್ಯಾಸ 200, ಅಗಲ 53. ಬೇಕಾದ ಗ್ರೀಸ್ 53 ಗ್ರಾಂ. ನಿಮ್ಮ ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟು ಗ್ರಾಂ ಬಿಡುತ್ತದೆ ಎಂದು ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿಕೊಂಡರೆ ಮುಂದೆ ಒತ್ತುಗಳ ಎಣಿಕೆಯೇ ಸಾಕು. ಬೇರಿಂಗ್‌ನ ತಾಪಮಾನ 70 ಡಿಗ್ರಿ ಮೀರಿದ ಮೇಲೆ ಪ್ರತಿ 15 ಡಿಗ್ರಿ ಏರಿಕೆಗೂ ಗ್ರೀಸ್ ಹಾಕುವ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು. ಪಾಲಿಯೂರಿಯಾ ಗ್ರೀಸ್ ಇದ್ದ ಕಡೆ ಲಿಥಿಯಂ ಗ್ರೀಸ್ ಬೆರೆಸಿದರೆ ಎರಡೂ ನೀರಾಗಿ ಹರಿದುಹೋಗುವ ಸಂಭವವಿರುವುದರಿಂದ, ಹಳೆಯದನ್ನು ಪೂರ್ತಿ ತೆಗೆಯದೆ ಬೇರೆ ಜಾತಿಯದನ್ನು ಹಾಕಬೇಡಿ.

ಏಳನೆಯ ಹೆಜ್ಜೆ: ಓಡಿಸಿ ನೋಡುವುದು, ಬಿಚ್ಚಿದ್ದನ್ನು ಓದುವುದು

ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಕಡಿಮೆ ವೇಗದಲ್ಲಿ ಓಡಿಸಿ. ಹೊಸ ಗ್ರೀಸ್ ಹರಡಿಕೊಳ್ಳುವವರೆಗೆ ತಾಪಮಾನ ಸ್ವಲ್ಪ ಏರಿ, ಆಮೇಲೆ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಇಳಿಯದೆ ಏರುತ್ತಲೇ ಹೋದರೆ ನಿಲ್ಲಿಸಿ. ಸಡಿಲ ಕಡಿಮೆಯಾಗಿದೆ, ತೇಲು ತುದಿ ಸಿಕ್ಕಿಕೊಂಡಿದೆ, ಅಥವಾ ಗ್ರೀಸ್ ಹೆಚ್ಚಾಗಿದೆ.

ಕೆಟ್ಟ ಬೇರಿಂಗನ್ನು ಗುಜರಿಗೆ ಎಸೆಯುವ ಮುನ್ನ ತೊಳೆದು, ಬೆಳಕಿಗೆ ಹಿಡಿದು ನೋಡಿ. ರೋಲರ್ ಓಡಿದ ಜಾಡು ರಿಂಗಿನ ನಡುವೆ ಸಮನಾಗಿದ್ದು, ಅದರಲ್ಲಿ ಚಕ್ಕೆ ಎದ್ದಿದ್ದರೆ ಬೇರಿಂಗ್ ತನ್ನ ಆಯುಷ್ಯ ಮುಗಿಸಿದೆ ಎನ್ನಬಹುದು. ಚಕ್ಕೆ ಒಂದೇ ಅಂಚಿನಲ್ಲಿದ್ದರೆ ಶಾಫ್ಟ್ ವಾಲಿದೆ. ಸ್ಫೆರಿಕಲ್ ಬೇರಿಂಗ್‌ನ ಎರಡು ಸಾಲುಗಳಲ್ಲಿ ಒಂದು ಮಾತ್ರ ಸವೆದಿದ್ದರೆ ಲೆಕ್ಕಕ್ಕೆ ಸಿಗದ ಥ್ರಸ್ಟ್ ಎಲ್ಲಿಂದಲೋ ಬರುತ್ತಿದೆ. ತೇಲು ತುದಿಯನ್ನು ಪರೀಕ್ಷಿಸಿ. ರೋಲರ್‌ಗಳ ನಡುವಿನ ಅಂತರಕ್ಕೆ ಸರಿಯಾಗಿ ರಿಂಗಿನ ಮೇಲೆ ತಗ್ಗುಗಳಿದ್ದರೆ, ಯಂತ್ರ ನಿಂತಿದ್ದಾಗ ಪಕ್ಕದ ಯಂತ್ರದ ಅದುರುವಿಕೆಯಿಂದ ಅವು ಬಿದ್ದಿರಬಹುದು. ಬಿಡುವಿನಲ್ಲಿರುವ ಯಂತ್ರದ ಶಾಫ್ಟನ್ನು ಆಗಾಗ ತಿರುಗಿಸಿಡುವುದು ಇದಕ್ಕೆ ಮದ್ದು. ವೇಗ ನಿಯಂತ್ರಕ ಡ್ರೈವ್ ಜೋಡಿಸಿದ ಮೋಟಾರಿನ ಬೇರಿಂಗ್‌ನಲ್ಲಿ ತೊಳೆಯುವ ಹಲಗೆಯಂತೆ ಒತ್ತೊತ್ತಾಗಿ ಅಡ್ಡಗೆರೆಗಳು ಮೂಡಿ, ಗ್ರೀಸ್ ಕಪ್ಪಾಗಿದ್ದರೆ ಬೇರಿಂಗ್ ಮೂಲಕ ವಿದ್ಯುತ್ ಹರಿದಿದೆ. ಅಲ್ಲಿ ಎಷ್ಟೇ ಒಳ್ಳೆಯ ಬೇರಿಂಗ್ ಹಾಕಿದರೂ ಅದೇ ಗತಿಯಾಗುವುದರಿಂದ, ಹೊರ ರಿಂಗಿಗೆ ಸೆರಾಮಿಕ್ ಲೇಪನವಿರುವ ವಿದ್ಯುತ್ ನಿರೋಧಕ ಬೇರಿಂಗನ್ನು ತರಿಸಿ, ಶಾಫ್ಟಿಗೆ ಅರ್ಥಿಂಗ್ ಬ್ರಷ್ ಹಾಕಿಸಿದ ಮೇಲೆಯೇ ಮೋಟಾರನ್ನು ಮತ್ತೆ ಚಾಲೂ ಮಾಡಬೇಕು.